ಕೆಂಪು ಸಮುದ್ರದಲ್ಲಿ ಮುಳುಗಿದ ಹಡಗು, ಶ್ರೀನಿವಾಸಪುರದಲ್ಲಿ ಉಳಿದ ಮಾವು

ಕೋಲಾರ: 2025ರಲ್ಲಿ ಚಾತುರ್ಮಾಸ ಆರಂಭವಾದ ವಾರದಲ್ಲೇ ಕೆಂಪು ಸಮುದ್ರದಲ್ಲಿ ಎರಡು ಸರಕು ಹಡಗುಗಳು ಮುಳುಗಿದವು. ಜುಲೈ 6ರಂದು ದಾಳಿಗೊಳಗಾದ ‘ಮ್ಯಾಜಿಕ್ ಸೀಸ್’ ಹಡಗಿನಲ್ಲಿದ್ದವರೆಲ್ಲ ಪಾರಾದರು. ಮರುದಿನದಿಂದ ಸತತ ದಾಳಿಗೆ ಸಿಕ್ಕ ‘ಎಟರ್ನಿಟಿ ಸಿ’ ಜುಲೈ 9ರಂದು ಮುಳುಗಿತು. ಅದರಲ್ಲಿದ್ದ ಕೆಲವರು ಜೀವ ಕಳೆದುಕೊಂಡರು, ಕೆಲವರನ್ನು ಹೌತಿಗಳು ಹಿಡಿದೊಯ್ದರು, ಉಳಿದವರನ್ನು ರಕ್ಷಣಾ ದೋಣಿಗಳು ನೀರಿನಿಂದ ಎತ್ತಿದವು. ಎರಡೂ ಹಡಗುಗಳು ಲೈಬೀರಿಯಾದ ಧ್ವಜ ಹೊತ್ತವು, ಗ್ರೀಕರು ನಡೆಸುತ್ತಿದ್ದವು. ಯಾವ ದೇಶದ ಸೈನ್ಯಕ್ಕೂ ಸೇರಿದವಲ್ಲ.

ಅದಕ್ಕೆ ಒಂದು ತಿಂಗಳು ಮೊದಲು, ಜೂನ್‌ನಲ್ಲಿ, ಶ್ರೀನಿವಾಸಪುರದ ರೈತರು ತೋತಾಪುರಿ ಮಾವನ್ನು ಕೊಳ್ಳುವವರಿಲ್ಲದೆ ಬೀದಿಗಿಳಿದಿದ್ದರು. ಸಮುದ್ರವೇ ಇಲ್ಲದ ಕೋಲಾರ ಜಿಲ್ಲೆಗೂ ಯೆಮನ್ ಕರಾವಳಿಯ ಆ ಕಿರಿದಾದ ಜಲಮಾರ್ಗಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಇಲ್ಲಿನ ಪೇಟೆಗಳಲ್ಲಿ ಬಟ್ಟೆ, ಕಿರಾಣಿ, ಚಿನ್ನ-ಬೆಳ್ಳಿ, ಹಾರ್ಡ್‌ವೇರ್ ಅಂಗಡಿ ನಡೆಸುವ ಸಮಾಜ ಬಾಂಧವರಿಗೆ ಆ ಸಂಬಂಧದ ಒಂದೊಂದು ಎಳೆ ಗೊತ್ತು. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇತ್ತೀಚಿನ ಯುದ್ಧಗಳ ಬಗೆಗೂ ಒಂದು ವಿಷಯ ತಿಳಿಯುತ್ತದೆ. ಸಮುದ್ರವನ್ನು ಆಳಲು ದೊಡ್ಡ ನೌಕಾಪಡೆ ಬೇಕು. ಅದನ್ನು ಇನ್ನೊಬ್ಬರಿಗೆ ಸಿಗದಂತೆ ಮಾಡಲು ಈಗ ನೌಕಾಪಡೆಯೇ ಬೇಕಾಗಿಲ್ಲ.

ಮಂಗಳೂರಿಗೆ ಬರಬೇಕಿದ್ದ ಹಡಗು

ಮೊದಲು ನಮ್ಮ ರಾಜ್ಯಕ್ಕೇ ಸೇರಿದ ಪ್ರಸಂಗ. 2023ರ ಡಿಸೆಂಬರ್ 23ರಂದು ‘ಕೆಮ್ ಪ್ಲೂಟೊ’ ಎಂಬ ಟ್ಯಾಂಕರ್ ಸೌದಿ ಅರೇಬಿಯಾದಿಂದ ಕಚ್ಚಾ ತೈಲ ತುಂಬಿಕೊಂಡು ನವಮಂಗಳೂರು ಬಂದರಿನತ್ತ ಬರುತ್ತಿತ್ತು. ಪೋರಬಂದರಿನಿಂದ ಸುಮಾರು 217 ನಾಟಿಕಲ್ ಮೈಲಿ ದೂರದಲ್ಲಿ ಒಂದು ಡ್ರೋನ್ ಅದರ ಮೇಲೆ ಬಿತ್ತು. ಹಡಗಿನಲ್ಲಿ ಇದ್ದವರು 22 ಮಂದಿ. ಒಬ್ಬ ವಿಯೆಟ್ನಾಮಿನವನನ್ನು ಬಿಟ್ಟರೆ ಉಳಿದ 21 ಮಂದಿಯೂ ಭಾರತೀಯರು. ಬೆಂಕಿ ಹೊತ್ತಿಕೊಂಡರೂ ಸಿಬ್ಬಂದಿಯೇ ಅದನ್ನು ಆರಿಸಿದರು, ಜೀವಹಾನಿ ಆಗಲಿಲ್ಲ. ಕೋಸ್ಟ್ ಗಾರ್ಡ್‌ನ ‘ವಿಕ್ರಮ್’ ಹಡಗು ಅದನ್ನು ಮುಂಬೈಗೆ ಕರೆದೊಯ್ದಿತು. ಡ್ರೋನ್ ಹಾರಿದ್ದು ಇರಾನಿನಿಂದ ಎಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ನೌಕಾಪಡೆ ಆ ಬಳಿಕ ಅರಬ್ಬಿ ಸಮುದ್ರಕ್ಕೆ ಮೊರ್ಮುಗಾವೊ, ಕೊಚ್ಚಿ, ಕೋಲ್ಕತ್ತಾ ವಿಧ್ವಂಸಕ ಹಡಗುಗಳನ್ನು ಕಳುಹಿಸಿತು.

ಮಂಗಳೂರಿಗೆ ಇಳಿಯುವ ಕಚ್ಚಾ ತೈಲ ಅಲ್ಲಿಯ ಎಂಆರ್‌ಪಿಎಲ್ ಸಂಸ್ಕರಣಾಗಾರದಲ್ಲಿ ಡೀಸೆಲ್, ಪೆಟ್ರೋಲ್ ಆಗುತ್ತದೆ. ಅಲ್ಲಿಂದ ಹಾಸನದ ಮೂಲಕ ಸುಮಾರು 362 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ಒಂದು ಘಟ್ಟ ಹತ್ತಿ ಬರುತ್ತದೆ. ಅದು ಕೊನೆಯಾಗುವುದು ದೇವನಗೊಂದಿಯಲ್ಲಿ. ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ಈ ಊರು ಗೊತ್ತು. ವೈಟ್‌ಫೀಲ್ಡ್ ದಾಟಿದ ಮೇಲೆ, ಮಾಲೂರಿಗೆ ಮೊದಲು ಸಿಗುವ ನಿಲ್ದಾಣ. ಮಾಲೂರಿನ ಹೆಂಚಿನ ಕಾರ್ಖಾನೆಗಳಿಂದ ಹೊರಡುವ ಲಾರಿಗೂ ಕೋಲಾರ ಎಪಿಎಂಸಿಯಿಂದ ಟೊಮೆಟೊ ಹೊತ್ತು ಉತ್ತರಕ್ಕೆ ಓಡುವ ಲಾರಿಗೂ ಇಂಧನ ಬೇಕು. ಆ ಇಂಧನದ ಮೂಲ ಹುಡುಕುತ್ತಾ ಹೋದರೆ ಕೊನೆಗೆ ಹಡಗಿಗೇ ತಲುಪಬೇಕು, ಏಕೆಂದರೆ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಹೊರಗಿನದು.

ಹಾಗೆಂದು ಒಂದು ಹಡಗಿಗೆ ಡ್ರೋನ್ ಬಿದ್ದರೆ ಮರುದಿನ ಮಾಲೂರಿನ ಬಂಕ್‌ನಲ್ಲಿ ಡೀಸೆಲ್ ಇರುವುದಿಲ್ಲ ಎಂದಲ್ಲ. ಆ ಹೆದರಿಕೆ ಅನಗತ್ಯ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಭೂಗರ್ಭ ಗುಹೆಗಳನ್ನು ಇಂಥ ದಿನಗಳಿಗಾಗಿಯೇ ಬಂಡೆ ಕೊರೆದು ಮಾಡಲಾಗಿದೆ. ದೇಶದಲ್ಲಿ ಇಂಥವು ಮೂರೇ ಜಾಗದಲ್ಲಿವೆ, ಎರಡು ನಮ್ಮ ಕರಾವಳಿಯಲ್ಲಿ, ಒಂದು ವಿಶಾಖಪಟ್ಟಣದಲ್ಲಿ. ಪೆಟ್ಟು ಬೀಳುವುದು ಸಾಮಾನ್ಯವಾಗಿ ದಾಸ್ತಾನಿಗಿಂತ ಮೊದಲು ಬೆಲೆಯ ಮೇಲೆ.

ನೌಕಾಪಡೆಯೇ ಇಲ್ಲದವರ ನೌಕಾ ಯುದ್ಧ

ಈ ಬದಲಾವಣೆ ಮೊದಲು ಸ್ಪಷ್ಟವಾಗಿ ಕಂಡದ್ದು ಕಪ್ಪು ಸಮುದ್ರದಲ್ಲಿ. 2022ರ ಫೆಬ್ರುವರಿಯಲ್ಲಿ ಯುದ್ಧ ಆರಂಭವಾದಾಗ ಉಕ್ರೇನಿಗೆ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ. ತನ್ನ ಮುಖ್ಯ ಯುದ್ಧನೌಕೆಯನ್ನು ವೈರಿಯ ಕೈಗೆ ಸಿಗಬಾರದೆಂದು ತಾನೇ ಮುಳುಗಿಸಿಕೊಂಡಿತ್ತು. ರಷ್ಯಾದ ಕಪ್ಪು ಸಮುದ್ರ ಪಡೆ ಒಡೆಸ್ಸಾ ಬಂದರಿಗೆ ಬಾಗಿಲು ಹಾಕಿತು. ಎರಡು ತಿಂಗಳೊಳಗೆ, ಏಪ್ರಿಲ್ 14ರಂದು, ಆ ಪಡೆಯ ಧ್ವಜನೌಕೆ ‘ಮಾಸ್ಕ್ವಾ’ ಮುಳುಗಿತು. 186 ಮೀಟರ್ ಉದ್ದದ ಹಡಗು ಅದು. ದಡದಿಂದ ಹಾರಿಸಿದ ಎರಡು ‘ನೆಪ್ಚೂನ್’ ಕ್ಷಿಪಣಿಗಳು ಅದಕ್ಕೆ ಬಡಿದವು ಎಂದು ಉಕ್ರೇನ್ ಹೇಳಿತು. ಹಡಗಿನಲ್ಲಿ ಬೆಂಕಿ ಬಿದ್ದು, ಎಳೆದೊಯ್ಯುವಾಗ ಬಿರುಗಾಳಿಗೆ ಮುಳುಗಿತು ಎಂದು ರಷ್ಯಾ ಹೇಳಿತು.

ಅದಾದ ಮೇಲೆ ಉಕ್ರೇನ್ ಇನ್ನೂ ಅಗ್ಗದ ದಾರಿ ಹಿಡಿಯಿತು. ಸ್ಫೋಟಕ ತುಂಬಿದ, ಒಳಗೆ ಮನುಷ್ಯರಿಲ್ಲದ ಸಣ್ಣ ದೋಣಿಗಳನ್ನು ದೂರದಿಂದಲೇ ನಡೆಸಿ ಹಡಗಿನ ಮಗ್ಗುಲಿಗೆ ಗುದ್ದಿಸುವುದು. 2022ರ ಅಕ್ಟೋಬರ್ 29ರಂದು ಸೆವಾಸ್ಟೊಪೋಲ್ ಬಂದರಿನ ಮೇಲೆ ಮೊದಲ ದೊಡ್ಡ ದಾಳಿ. 2023ರ ಸೆಪ್ಟೆಂಬರ್‌ನಲ್ಲಿ ದುರಸ್ತಿ ಕಟ್ಟೆಯಲ್ಲಿ ನಿಂತಿದ್ದ ಜಲಾಂತರ್ಗಾಮಿಯೊಂದಕ್ಕೆ ಕ್ಷಿಪಣಿ ಬಿತ್ತು, ಅದೇ ತಿಂಗಳು ಪಡೆಯ ಕೇಂದ್ರ ಕಚೇರಿಗೂ ಬಿತ್ತು. 2024ರ ಮೊದಲ ಮೂರು ತಿಂಗಳಲ್ಲಿ ‘ಇವಾನೊವೆಟ್ಸ್’, ‘ಸೀಸರ್ ಕುನಿಕೊವ್’, ‘ಸೆರ್ಗೆಯ್ ಕೊಟೊವ್’ ಎಂಬ ಮೂರು ಹಡಗುಗಳನ್ನು ದೋಣಿ-ಡ್ರೋನ್‌ಗಳು ಮುಳುಗಿಸಿದವು. ರಷ್ಯಾ ತನ್ನ ಮುಖ್ಯ ಹಡಗುಗಳನ್ನು ಸೆವಾಸ್ಟೊಪೋಲಿನಿಂದ ಪೂರ್ವಕ್ಕೆ, ನೊವೊರೊಸ್ಸಿಸ್ಕ್‌ಗೆ ಸರಿಸಬೇಕಾಯಿತು. ಯುದ್ಧ ಆರಂಭವಾದ ಕೂಡಲೇ ಟರ್ಕಿ ತನ್ನ ಜಲಸಂಧಿಗಳನ್ನು ಯುದ್ಧನೌಕೆಗಳಿಗೆ ಮುಚ್ಚಿದ್ದರಿಂದ, ಕಳೆದುಹೋದ ಹಡಗಿನ ಜಾಗಕ್ಕೆ ಬೇರೆ ಸಮುದ್ರದಿಂದ ಇನ್ನೊಂದನ್ನು ತರಲೂ ಆಗಲಿಲ್ಲ. ನಷ್ಟ ನಷ್ಟವಾಗಿಯೇ ಉಳಿಯಿತು.

ಇದರ ಫಲ ಯುದ್ಧಭೂಮಿಗಿಂತ ಹೆಚ್ಚಾಗಿ ಅಡುಗೆಮನೆಯಲ್ಲಿ ಕಂಡಿತು. ಯುದ್ಧಕ್ಕೆ ಮೊದಲು ಭಾರತ ಆಮದು ಮಾಡುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹತ್ತರಲ್ಲಿ ಏಳು ಪಾಲು ಉಕ್ರೇನಿನದು. 2022ರ ಮಾರ್ಚ್-ಏಪ್ರಿಲ್‌ನಲ್ಲಿ ಮುಳಬಾಗಿಲಿನ ಕಿರಾಣಿ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ ಕೇಳಿದವರಿಗೆ ಆ ಬೆಲೆ ನೆನಪಿದ್ದೀತು. 2022ರ ಜುಲೈ 22ರ ಧಾನ್ಯ ಒಪ್ಪಂದ ಒಂದು ವರ್ಷ ಬಾಗಿಲು ತೆರೆದಿಟ್ಟಿತು. 2023ರ ಜುಲೈ 17ರಂದು ಅದು ಮುಗಿದಾಗ ಮತ್ತೆ ಕತ್ತಲೆ ಎಂದು ಎಲ್ಲರೂ ಎಣಿಸಿದ್ದರು. ಆದರೆ ಆಗಸ್ಟ್‌ನಿಂದ ಉಕ್ರೇನ್ ಒಪ್ಪಂದವಿಲ್ಲದೆಯೇ ತನ್ನ ಕರಾವಳಿ ಹಿಡಿದು ಹಡಗು ಕಳುಹಿಸತೊಡಗಿತು. ಅದನ್ನು ತಡೆಯಲು ಬರಬೇಕಾದ ರಷ್ಯಾದ ಹಡಗುಗಳು ಆ ವೇಳೆಗೆ ಸಮುದ್ರದ ಪಶ್ಚಿಮ ಭಾಗಕ್ಕೆ ಬರಲು ಹೆದರುವ ಸ್ಥಿತಿಯಲ್ಲಿದ್ದವು. ಮುಳುಗಿದ ಹಡಗುಗಳ ಲೆಕ್ಕಕ್ಕಿಂತ ಇದು ಮುಖ್ಯ. ದೊಡ್ಡ ಪಡೆಯ ಬಹುಪಾಲು ಹಡಗುಗಳು ಇನ್ನೂ ತೇಲುತ್ತಿವೆ. ಆದರೆ ಅವು ಮಾಡಬೇಕಿದ್ದ ಕೆಲಸ ನಿಂತುಹೋಗಿದೆ. ಸೇನಾ ತಜ್ಞರು ಇದನ್ನು ಸಮುದ್ರ ನಿಯಂತ್ರಣ ಮತ್ತು ಸಮುದ್ರ ನಿರಾಕರಣೆಯ ನಡುವಿನ ವ್ಯತ್ಯಾಸ ಎನ್ನುತ್ತಾರೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಒಬ್ಬನಿಗೆ ಅಂಗಡಿ ಕೊಳ್ಳುವ ಶಕ್ತಿ ಇಲ್ಲ, ಆದರೆ ಅದರ ಮುಂದೆ ಗಿರಾಕಿ ನಿಲ್ಲದಂತೆ ಮಾಡಬಲ್ಲ.

ಯೆಮನ್‌ನ ಹೌತಿಗಳು ಮಾಡಿದ್ದೂ ಇದನ್ನೇ, ಇನ್ನೂ ಕಡಿಮೆ ಬಂಡವಾಳದಲ್ಲಿ. 2023ರ ನವೆಂಬರ್ 19ರಂದು ‘ಗ್ಯಾಲಕ್ಸಿ ಲೀಡರ್’ ಹಡಗನ್ನು ಹೆಲಿಕಾಪ್ಟರಿನಿಂದ ಇಳಿದು ವಶಪಡಿಸಿಕೊಂಡರು. ಗಾಜಾ ಯುದ್ಧಕ್ಕೆ ಪ್ರತಿಯಾಗಿ ಎಂದರು. ಆಮೇಲೆ ನೂರಕ್ಕೂ ಹೆಚ್ಚು ವಾಣಿಜ್ಯ ಹಡಗುಗಳ ಮೇಲೆ ದಾಳಿ ನಡೆಯಿತು. ಇಸ್ರೇಲಿಗೆ ಸಂಬಂಧವೇ ಇಲ್ಲದ ಹಡಗುಗಳೂ ಅವುಗಳಲ್ಲಿದ್ದವು. ಬಾಬ್ ಅಲ್-ಮಂದಬ್ ಜಲಸಂಧಿಯ ಅಗಲ ಸುಮಾರು 30 ಕಿಲೋಮೀಟರ್, ಅಂದರೆ ಕೋಲಾರದಿಂದ ಮುಳಬಾಗಿಲಿಗೆ ಇರುವಷ್ಟು. ಜಗತ್ತಿನ ವ್ಯಾಪಾರದಲ್ಲಿ ಸುಮಾರು ಶೇ 12ರಷ್ಟು ಸಾಗುತ್ತಿದ್ದ ಸೂಯೆಜ್ ಮಾರ್ಗಕ್ಕೆ ಅದೇ ದಕ್ಷಿಣದ ಬಾಗಿಲು. ಅಲ್ಲಿ ಒಂದು ಹಡಗು ಮುಳುಗಿಸುವ ಅಗತ್ಯವೂ ಇಲ್ಲ, ವಿಮೆ ಕಂಪನಿಗಳನ್ನು ಹೆದರಿಸಿದರೆ ಸಾಕು. ಯುದ್ಧ ಅಪಾಯದ ವಿಮೆ ಹಡಗಿನ ಬೆಲೆಯ ಶೇ 0.7ರಿಂದ 1ರವರೆಗೆ ಏರಿತು. ನೂರು ಕೋಟಿಯ ಹಡಗಿಗೆ ಒಂದು ಪ್ರಯಾಣಕ್ಕೆ ಒಂದು ಕೋಟಿ! ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಗುಡ್ ಹೋಪ್ ಭೂಶಿರದ ಮೂಲಕ ಯುರೋಪ್ ಸೇರತೊಡಗಿದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು.

ಅಮೆರಿಕ ಸುಮ್ಮನೆ ಕೂರಲಿಲ್ಲ. 2025ರ ಮಾರ್ಚ್ 15ರಿಂದ ಮೇ 6ರವರೆಗೆ ಯೆಮನ್ ಮೇಲೆ ಸತತ ಬಾಂಬ್ ದಾಳಿ ನಡೆಸಿತು. ಅದರ ಯಾವ ಯುದ್ಧನೌಕೆಯೂ ಮುಳುಗಲಿಲ್ಲ. ಆದರೆ ‘ಹ್ಯಾರಿ ಟ್ರೂಮನ್’ ವಿಮಾನವಾಹಕದ ಮೂರು ಯುದ್ಧವಿಮಾನಗಳು ನಷ್ಟವಾದವು. ಒಂದನ್ನು 2024ರ ಡಿಸೆಂಬರಿನಲ್ಲಿ ತಮ್ಮದೇ ಹಡಗು ತಪ್ಪಾಗಿ ಹೊಡೆದುರುಳಿಸಿತ್ತು, ಇನ್ನೆರಡು 2025ರ ಏಪ್ರಿಲ್-ಮೇನಲ್ಲಿ ಸಮುದ್ರಕ್ಕೆ ಬಿದ್ದವು. ಒಂದು ಡ್ರೋನ್ ಉರುಳಿಸಲು ಹಾರಿಸುವ ಕ್ಷಿಪಣಿಗೆ ಸುಮಾರು ಇಪ್ಪತ್ತು ಲಕ್ಷ ಡಾಲರ್, ಎದುರಿನ ಡ್ರೋನ್‌ಗೆ ಅದರ ನೂರನೇ ಒಂದು ಪಾಲೂ ಇಲ್ಲ. ಒಮಾನ್ ಮಧ್ಯಸ್ಥಿಕೆಯಲ್ಲಿ ಅಮೆರಿಕದ ಹಡಗುಗಳಿಗೆ ಮಾತ್ರ ಅನ್ವಯಿಸುವ ಕದನ ವಿರಾಮ ಆಯಿತು. ಉಳಿದವರ ಹಡಗುಗಳ ಪಾಡು ಏನು ಎಂಬುದಕ್ಕೆ ಜುಲೈ 9 ಉತ್ತರ ಕೊಟ್ಟಿದೆ.

ಭಾರತದ ನೌಕಾಪಡೆ ಇಲ್ಲಿ ಬೇರೆ ದಾರಿ ಹಿಡಿದದ್ದನ್ನು ಗಮನಿಸಬೇಕು. ಅಮೆರಿಕದ ಕೂಟಕ್ಕೆ ಸೇರಲಿಲ್ಲ, ಯೆಮನ್ ಮೇಲೆ ಬಾಂಬ್ ಹಾಕಲಿಲ್ಲ. 2024ರ ಜನವರಿಯಲ್ಲಿ ‘ಮಾರ್ಲಿನ್ ಲುವಾಂಡಾ’ ಟ್ಯಾಂಕರಿಗೆ ಬೆಂಕಿ ಬಿದ್ದಾಗ ‘ಐಎನ್‌ಎಸ್ ವಿಶಾಖಪಟ್ಟಣ’ದ ತಂಡ ಹೋಗಿ ಆರಿಸಿತು; ಅದರಲ್ಲಿ 22 ಭಾರತೀಯರಿದ್ದರು. ಮಾರ್ಚ್ 6ರಂದು ‘ಟ್ರೂ ಕಾನ್ಫಿಡೆನ್ಸ್’ ಹಡಗಿಗೆ ಕ್ಷಿಪಣಿ ಬಡಿದು ಮೂವರು ಸತ್ತಾಗ ಉಳಿದ 21 ಮಂದಿಯನ್ನು ‘ಐಎನ್‌ಎಸ್ ಕೋಲ್ಕತ್ತಾ’ ಎತ್ತಿಕೊಂಡಿತು. ಹತ್ತು ದಿನದ ಬಳಿಕ ಅದೇ ಹಡಗು ‘ರುಯೆನ್’ ನೌಕೆಯಿಂದ 35 ಕಡಲ್ಗಳ್ಳರನ್ನು ಹಿಡಿದು 17 ನಾವಿಕರನ್ನು ಬಿಡಿಸಿತು. ಬೆಂಕಿ ಆರಿಸುವುದು, ಜನರನ್ನು ನೀರಿನಿಂದ ಎತ್ತುವುದು ಕೂಡ ನೌಕಾ ನೀತಿಯೇ. ಪತ್ರಿಕೆಗಳ ಒಳಪುಟದಲ್ಲಿ ಬಂದ ಈ ಸುದ್ದಿಗಳಿಗೆ ಹೆಚ್ಚು ಗಮನ ಸಲ್ಲಬೇಕಿತ್ತು.

ಮಾವಿನ ತಿರುಳಿನ ಲೆಕ್ಕ

ಈಗ ಶ್ರೀನಿವಾಸಪುರಕ್ಕೆ ಬರೋಣ. ರಾಜ್ಯದಲ್ಲಿ ಮಾವು ಎಂದರೆ ಕೋಲಾರ ಜಿಲ್ಲೆ, ಕೋಲಾರದಲ್ಲಿ ಮಾವು ಎಂದರೆ ಶ್ರೀನಿವಾಸಪುರ. ಇಲ್ಲಿ ಬೆಳೆಯುವ ತೋತಾಪುರಿಯಲ್ಲಿ ದೊಡ್ಡ ಪಾಲನ್ನು ಜನ ಹಣ್ಣಾಗಿ ತಿನ್ನುವುದಿಲ್ಲ. ಅದು ಗಡಿ ದಾಟಿ ಆಂಧ್ರದ ಚಿತ್ತೂರಿನ ಕಾರ್ಖಾನೆಗಳಿಗೆ ಹೋಗಿ ತಿರುಳಾಗಿ ಡಬ್ಬ, ಡ್ರಮ್‌ಗಳಲ್ಲಿ ತುಂಬಿ ಚೆನ್ನೈ ಬಂದರಿನ ದಾರಿ ಹಿಡಿಯುತ್ತದೆ. ಭಾರತದ ಮಾವಿನ ತಿರುಳನ್ನು ಕೊಳ್ಳುವ ಮುಖ್ಯ ದೇಶಗಳ ಸಾಲಿನಲ್ಲಿ ಸೌದಿ ಅರೇಬಿಯಾ, ನೆದರ್ಲೆಂಡ್ಸ್, ಕುವೈತ್, ಯುಎಇ ಇವೆ. ಜೊತೆಗೆ ಯೆಮನ್ ಕೂಡ ಇದೆ. ಹಡಗುಗಳಿಗೆ ಕ್ಷಿಪಣಿ ಹಾರಿಸುತ್ತಿದ್ದ ಅದೇ ಕರಾವಳಿಯ ಹಿಂದಿನ ಊರುಗಳಲ್ಲಿ ಜನ ನಮ್ಮ ಕಡೆಯ ಮಾವಿನ ರಸ ಕುಡಿಯುತ್ತಿದ್ದರು. ಆ ದೇಶದ ಹೊದೈದಾ ಬಂದರಿನ ಮೇಲೆ 2024ರ ಜುಲೈ 20ರಿಂದ ಇಸ್ರೇಲ್ ಮತ್ತೆ ಮತ್ತೆ ದಾಳಿ ಮಾಡಿದೆ.

2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದಾಗ ತಿರುಳಿನ ಕಾರ್ಖಾನೆಗಳು ಮುಂದಿಟ್ಟ ಕಾರಣಗಳಲ್ಲಿ ಹಿಂದಿನ ವರ್ಷದ ದಾಸ್ತಾನು ಮಾರಾಟವಾಗದೆ ಉಳಿದದ್ದೂ ಒಂದು, ಯುದ್ಧಗಳಿಂದ ರಫ್ತು ನಿಧಾನವಾದದ್ದೂ ಒಂದು. ತಿರುಳು ತೂಕದ ಸರಕು, ಲಾಭ ತೆಳ್ಳಗಿನದು. ಸಾಗಣೆ ವೆಚ್ಚ ಏರಿದರೆ ಮೊದಲು ನಿಲ್ಲುವುದು ಇಂಥ ಸರಕೇ. ಐಫೋನ್ ವಿಮಾನದಲ್ಲಿ ಹೋಗಬಲ್ಲದು. ಅದೇ ಜಿಲ್ಲೆಯ ನರಸಾಪುರದಲ್ಲಿ ತಯಾರಾಗುವ ಫೋನಿಗೆ ಕೆಂಪು ಸಮುದ್ರದ ಚಿಂತೆ ಅಷ್ಟಾಗಿ ಇಲ್ಲ. ಮಾವಿನ ತಿರುಳಿಗೆ ಆ ಭಾಗ್ಯವಿಲ್ಲ.

ಆದರೆ ಎಲ್ಲ ಹೊರೆಯನ್ನೂ ಹೌತಿಗಳ ತಲೆಗೆ ಕಟ್ಟಿದರೆ ಅದು ಸತ್ಯವಾಗುವುದಿಲ್ಲ. ಇಳುವರಿ ಚೆನ್ನಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೋಗೆ 12 ರೂಪಾಯಿ ಸಿಗಬೇಕೆಂದು, ಅದರಲ್ಲಿ 8 ರೂಪಾಯಿ ಕಾರ್ಖಾನೆಯಿಂದ, 4 ರೂಪಾಯಿ ಸರ್ಕಾರದಿಂದ ಎಂದು ನಿಗದಿ ಮಾಡಿತು. ಹೊರಗಿನ ಹಣ್ಣು ಬಂದರೆ ಆ ಲೆಕ್ಕ ತಪ್ಪುತ್ತದೆ. ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿಗೆ ನಿರ್ಬಂಧ ಹಾಕಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಕ್ವಿಂಟಲ್‌ಗೆ 1,616 ರೂಪಾಯಿ ದರ ಇಟ್ಟು, ಬೆಲೆ ವ್ಯತ್ಯಾಸದ ಹಣವನ್ನು ಎರಡೂ ಸರ್ಕಾರಗಳು ಸಮನಾಗಿ ಭರಿಸುವ ಯೋಜನೆಗೆ ಒಪ್ಪಿಗೆ ನೀಡಿತು.

ಅಂದರೆ ದೂರದ ಯುದ್ಧ ದಾಸ್ತಾನನ್ನು ತುಂಬಿಸಿಟ್ಟಿತು, ಹತ್ತಿರದ ಗಡಿ ಬಾಗಿಲನ್ನು ಮುಚ್ಚಿತು. ಎರಡರ ನಡುವೆ ಸಿಕ್ಕವನು ರೈತ. ಯುದ್ಧ ನಿಂತರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಅದಕ್ಕಾಗಿಯೇ ಅರ್ಧ ಸತ್ಯ. ನಂಗಲಿ ಗಡಿಯಾಚೆಯ ಕಾರ್ಖಾನೆಯನ್ನೇ ನಂಬಿರುವ ಜಿಲ್ಲೆಗೆ ತನ್ನದೇ ತಿರುಳಿನ ಘಟಕಗಳು ಬೇಕು ಎಂಬ ಬೇಡಿಕೆ ಯುದ್ಧಕ್ಕಿಂತ ಹಳೆಯದು. ವ್ಯಾಪಾರ ಬಲ್ಲ ಸಮಾಜಕ್ಕೆ ಇದರಲ್ಲಿ ಅವಕಾಶವೂ ಇದೆ, ಅಪಾಯವೂ ಇದೆ. ಬಂಡವಾಳ ಹೂಡುವವರು ಹಣ್ಣಿನ ಬೆಲೆಯ ಜೊತೆಗೆ ಸಮುದ್ರ ವಿಮೆಯ ದರವನ್ನೂ ನೋಡಬೇಕಾದ ಕಾಲ ಬಂದಿದೆ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಬಂಟ್ವಾಳದಿಂದ ಬರುವ ರಾಷ್ಟ್ರೀಯ ಹೆದ್ದಾರಿ 75 ಮತ್ತು ಹೊನ್ನಾವರದಿಂದ ಬರುವ ಹೆದ್ದಾರಿ 69 ಇಲ್ಲಿ ಸೇರುತ್ತವೆ. ಪಡುವಣ ಕಡಲಿನ ಎರಡು ದಾರಿಗಳು ಮೂಡಲ ಬಾಗಿಲಿನಲ್ಲಿ ಕೂಡುವ ಈ ಊರಿನ ಅಂಗಡಿಯಲ್ಲಿ ನಿಂತು ಒಂದು ಚಿಕ್ಕ ಡಬ್ಬವನ್ನೂ ಗಮನಿಸಬಹುದು. ಇಂಗು. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಜೈನರ ಅಡುಗೆಗೆ ಒಗ್ಗರಣೆಯ ಪರಿಮಳವೆಲ್ಲ ಅದರಿಂದಲೇ. ಇಂಗಿನ ಹಸಿ ಅಂಟು ಬರುವುದು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದಿಂದ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಗಿಡ ನೆಟ್ಟದ್ದೇ 2020ರ ಅಕ್ಟೋಬರ್‌ನಲ್ಲಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಅಟ್ಟಾರಿ ಗಡಿ ಮುಚ್ಚಿತು. ಜೂನ್ 13ರಿಂದ 24ರವರೆಗೆ ಇಸ್ರೇಲ್-ಇರಾನ್ ಯುದ್ಧ ನಡೆಯಿತು. ಭೂಮಾರ್ಗವೂ ಜಲಮಾರ್ಗವೂ ಒಂದೇ ಬೇಸಿಗೆಯಲ್ಲಿ ಅಲುಗಾಡಿದವು. ಪರ್ಯೂಷಣ, ದಶಲಕ್ಷಣ ಪರ್ವಗಳು ಹತ್ತಿರ ಬರುವಾಗ ಒಣಹಣ್ಣು, ಇಂಗು ತರಿಸುವ ಅಂಗಡಿಯವರು ಒಬ್ಬನೇ ಸಗಟು ವ್ಯಾಪಾರಿಯನ್ನು ನೆಚ್ಚಿಕೊಳ್ಳದಿರುವುದು ಒಳ್ಳೆಯದು.

ಕಾರವಾರ, ಕರಾಚಿ ಮತ್ತು ಮೊಬೈಲ್ ಪರದೆ

ಕಪ್ಪು ಸಮುದ್ರದ ಪಾಠವನ್ನು ನೋಡಿ, ಭಾರತದ ದೊಡ್ಡ ಹಡಗುಗಳು ವ್ಯರ್ಥ ಎಂದು ತೀರ್ಮಾನಿಸುವವರು ಇದ್ದಾರೆ. 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ‘ವಿಕ್ರಾಂತ್’ 262 ಮೀಟರ್ ಉದ್ದದ್ದು, ಸುಮಾರು 20 ಸಾವಿರ ಕೋಟಿ ರೂಪಾಯಿಯದು. ‘ವಿಕ್ರಮಾದಿತ್ಯ’ದ ಮನೆ ನಮ್ಮ ಕಾರವಾರದ ಐಎನ್‌ಎಸ್ ಕದಂಬ ನೆಲೆ. ಆದರೆ ಕಪ್ಪು ಸಮುದ್ರ ಮುಚ್ಚಿದ ಕೊಳದಂಥದು, ಕೆಂಪು ಸಮುದ್ರ ಓಣಿಯಂಥದು. ಅರಬ್ಬಿ ಸಮುದ್ರ ಬಯಲು. ಮಾಸ್ಕ್ವಾ ದಡದ ಕ್ಷಿಪಣಿಗಳ ಎಟುಕಿನೊಳಗೇ ಸುಳಿದಾಡುತ್ತಿತ್ತು. ಬಯಲಿನಲ್ಲಿ ಅಡಗಲು ಜಾಗವಿದೆ, ಸರಿಯಲು ಜಾಗವಿದೆ. ಕಾರವಾರದ ನೆಲೆ ಹುಟ್ಟಿದ್ದೇ ಇಂಥ ಲೆಕ್ಕದಿಂದ: ಮುಂಬೈ ಒಂದನ್ನೇ ನೆಚ್ಚಿಕೊಳ್ಳಬಾರದು, ವೈರಿಯ ವಿಮಾನಗಳಿಗೆ ದೂರವಾದ, ಬೆಟ್ಟಗಳ ಮರೆಯ ಬಂದರು ಬೇಕು ಎಂದು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಇಟ್ಟರು, 2005ರ ಮೇ 31ರಂದು ನೆಲೆ ಕೆಲಸ ಆರಂಭಿಸಿತು. ನಡುವಿನ ವರ್ಷಗಳಲ್ಲಿ ಕಾರವಾರ-ಅಂಕೋಲಾದ ಸಾವಿರಾರು ಕುಟುಂಬಗಳು ಜಾಗ ಬಿಟ್ಟುಕೊಟ್ಟವು. ದೇಶದ ರಕ್ಷಣೆಯ ಲೆಕ್ಕದಲ್ಲಿ ಅವರ ಹೆಸರು ಅಪರೂಪಕ್ಕೆ ಬರುತ್ತದೆ.

ಸಣ್ಣ ದೋಣಿ ದೊಡ್ಡ ಹಡಗನ್ನು ಹೊಡೆಯುವ ವಿದ್ಯೆ ಭಾರತಕ್ಕೂ ಹೊಸದಲ್ಲ. 1971ರ ಡಿಸೆಂಬರ್ 4ರ ರಾತ್ರಿ ನಿಪಟ್, ನಿರ್ಘಾಟ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಗೆ ಹೋಗಿ ‘ಖೈಬರ್’ ವಿಧ್ವಂಸಕ ಹಡಗನ್ನು ಮುಳುಗಿಸಿ ಬಂದವು. ಬಂದರು ಕಾಯಲು ಕೊಂಡ ದೋಣಿಗಳು ಅವು. ದೂರ ಹೋಗುವ ಶಕ್ತಿ ಇಲ್ಲದ್ದರಿಂದ ಎಳೆದುಕೊಂಡು ಹೋಗಿ ಬಳಸಲಾಯಿತು. ಐದು ದಿನದ ನಂತರ, ಡಿಸೆಂಬರ್ 9ರಂದು, ದಿಯು ಬಳಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ನಮ್ಮ ‘ಖುಕ್ರಿ’ಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಗೆದ್ದ ಯುದ್ಧದಲ್ಲೂ ಒಂದೇ ಸಂಜೆಗೆ 194 ಮನೆಗಳ ದೀಪ ಆರಿತು.

ಈ ಸಂಖ್ಯೆ ನೆನಪಿದ್ದವರಿಗೆ 2025ರ ಮೇ 8ರ ರಾತ್ರಿಯ ಟಿವಿ ನೋಡುವುದು ಕಷ್ಟವಾಗಿರಬೇಕು. ಆಪರೇಷನ್ ಸಿಂಧೂರ ನಡೆಯುತ್ತಿದ್ದ ಆ ರಾತ್ರಿ ಹಲವು ಚಾನೆಲ್‌ಗಳು ಕರಾಚಿ ಬಂದರನ್ನು ನಮ್ಮ ನೌಕಾಪಡೆ ಧ್ವಂಸ ಮಾಡಿತೆಂದು ಕೂಗಿದವು. ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೇರೆ ಯಾವುದೋ ದೇಶದ ಬೆಂಕಿಯ ವಿಡಿಯೊಗಳು ಹರಿದಾಡಿದವು. ಹಾಗೇನೂ ನಡೆದಿರಲಿಲ್ಲ. ವಿಕ್ರಾಂತ್ ಪಡೆ ಉತ್ತರ ಅರಬ್ಬಿ ಸಮುದ್ರದಲ್ಲಿ ಸಜ್ಜಾಗಿ ನಿಂತಿತ್ತು. ಕರಾಚಿಯೂ ಸೇರಿ ಗುರಿಗಳನ್ನು ಹೊಡೆಯಲು ಸಿದ್ಧವಾಗಿತ್ತು ಎಂದು ಮೇ 11ರಂದು ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ತಿಳಿಸಿದರು. ಪಾಕಿಸ್ತಾನದ ಹಡಗುಗಳು ಹೆಚ್ಚಾಗಿ ಬಂದರಿನೊಳಗೇ ಉಳಿದವು. ಒಂದು ಕ್ಷಿಪಣಿಯನ್ನೂ ಹಾರಿಸದೆ ಕೆಲಸ ಸಾಧಿಸಿದ್ದೇ ಅಲ್ಲಿನ ನಿಜವಾದ ಸುದ್ದಿ. ಅದನ್ನು ಬಿಟ್ಟು ಆಗದ ನಾಶವನ್ನು ಜನ ಸಂಭ್ರಮಿಸಿದರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ಅಪಧ್ಯಾನವೂ ಇದೆ, ದುಃಶ್ರುತಿಯೂ ಇದೆ. ಇನ್ನೊಬ್ಬರ ಕೇಡನ್ನು ಮನಸ್ಸಿನಲ್ಲಿ ಬಯಸುವುದು ಮೊದಲನೆಯದು. ಮನಸ್ಸು ಕೆಡಿಸುವ ಮಾತುಗಳನ್ನು ಕೇಳುತ್ತಾ ಕೂರುವುದು ಎರಡನೆಯದು. ಪ್ರಯೋಜನವಿಲ್ಲದೆ ಅಂಟಿಸಿಕೊಳ್ಳುವ ಪಾಪ ಎಂಬುದು ಆ ಹೆಸರಿನಲ್ಲೇ ಇದೆ. ಮುಳುಗುತ್ತಿರುವ ಹಡಗಿನ ವಿಡಿಯೊವನ್ನು ನಗುಮುಖದ ಚಿಹ್ನೆಯೊಂದಿಗೆ ಮುಂದಕ್ಕೆ ಕಳುಹಿಸುವುದು ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಚಾತುರ್ಮಾಸದ ಪ್ರವಚನಗಳಲ್ಲಿ ಯಾರಾದರೂ ಕೇಳಿದರೆ ತಪ್ಪಿಲ್ಲ.

ಇದರರ್ಥ ಜೈನರು ರಕ್ಷಣೆಗೆ ವಿರೋಧಿಗಳು ಎಂದಲ್ಲ. ಹಾಗೆ ಹೇಳುವವರಿಗೆ ಕೋಲಾರವೇ ಉತ್ತರ. ಗಂಗರ ಮೊದಲ ರಾಜಧಾನಿ ಕುವಲಾಲಪುರ ಇಂದಿನ ಕೋಲಾರ. ಆ ವಂಶದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರ ಆಶೀರ್ವಾದವನ್ನು ಶಾಸನಗಳು ನೆನೆಯುತ್ತವೆ. ತಲಕಾಡಿಗೆ ಹೋದ ಮೇಲೂ ಅವರು ಕುವಲಾಲಪುರದ ಒಡೆಯರೆಂಬ ಬಿರುದು ಬಿಡಲಿಲ್ಲ. ಅವರ ಸೇನಾಪತಿ ಚಾವುಂಡರಾಯ ಯುದ್ಧಗಳನ್ನು ಗೆದ್ದವನು, ಗೊಮ್ಮಟನನ್ನು ನಿಲ್ಲಿಸಿದವನೂ ಅವನೇ. ಗೃಹಸ್ಥನಿಗೆ ಸಂಕಲ್ಪಿ ಹಿಂಸೆ ಸಲ್ಲದು, ಆಕ್ರಮಣವನ್ನು ಎದುರಿಸುವಾಗ ಆಗುವ ವಿರೋಧಿ ಹಿಂಸೆ ತಪ್ಪಿಸಲಾಗದ್ದು ಎಂಬ ವಿಂಗಡಣೆ ಇಂಥ ಶ್ರಾವಕರಿಗಾಗಿಯೇ. ನೌಕಾಪಡೆಯ ನಾವಿಕ ಮಾಡುವ ಕೆಲಸ ಆ ಕೊನೆಯ ಸಾಲಿಗೆ ಸೇರುತ್ತದೆ.

ಕಷ್ಟದ ಪ್ರಶ್ನೆ ಬೇರೆ ಇದೆ, ಅದು ಷೇರು ಪೇಟೆಯದು. 2025ರ ಮೇ ತಿಂಗಳ ನಂತರ ರಕ್ಷಣಾ ಕಂಪನಿಗಳ ಷೇರುಗಳು ಜಿಗಿದವು. ಹಡಗು ಕಟ್ಟುವ ಮಜಗಾಂವ್ ಡಾಕ್, ಬೆಂಗಳೂರಿನ ಬಿಇಎಲ್, ಎಚ್‌ಎಎಲ್, ಕೆಜಿಎಫ್‌ನಲ್ಲಿ ದೊಡ್ಡ ಘಟಕವಿರುವ ಬಿಇಎಂಎಲ್ ಎಲ್ಲವೂ ಚರ್ಚೆಯಲ್ಲಿದ್ದವು. ಅನರ್ಥದಂಡಗಳ ಪಟ್ಟಿಯಲ್ಲಿ ಹಿಂಸಾದಾನವೂ ಇದೆ, ಅಂದರೆ ಆಯುಧ ಮೊದಲಾದ ಹಿಂಸೆಯ ಸಾಧನಗಳನ್ನು ಕೊಡುವುದು. ಕಸಾಯಿಖಾನೆ, ಮದ್ಯದ ಕಂಪನಿಗಳ ಷೇರು ಬೇಡವೆನ್ನುವ ಮನೆಗಳಲ್ಲಿ ಕ್ಷಿಪಣಿ ಕಂಪನಿಯ ಷೇರಿನ ಬಗ್ಗೆ ಏಕಾಭಿಪ್ರಾಯವಿಲ್ಲ. ದೇಶ ಕಾಯುವ ಸೈನ್ಯಕ್ಕೆ ಸಲಕರಣೆ ಕೊಡುವುದು ವಿರೋಧಿ ಹಿಂಸೆಯ ಭಾಗ ಎನ್ನುವವರಿದ್ದಾರೆ. ಅದು ಒಪ್ಪಬಹುದಾದ ಮಾತು. ಆದರೆ ಬೆಲೆ ಏರಲೆಂದು ಇನ್ನೊಂದು ಯುದ್ಧವನ್ನು ಎದುರು ನೋಡುವ ಮನಸ್ಥಿತಿ ಬಂದರೆ ಅದು ಆ ಸಮರ್ಥನೆಯೊಳಗೆ ಬರುವುದಿಲ್ಲ. ಕೋಲಾರ, ಕೆಜಿಎಫ್ ಪೇಟೆಗಳ ಚಿನ್ನದ ಅಂಗಡಿಯವರಿಗೂ ಇದೇ ಮಾತು: 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ಮುಟ್ಟಿದಾಗ ದಾಸ್ತಾನಿದ್ದವರಿಗೆ ಲಾಭವಾಯಿತು, ಮದುವೆಗೆ ಕೊಳ್ಳಬೇಕಾದವರಿಗೆ ಬಾಗಿಲು ಮುಚ್ಚಿತು.

2025ರ ಜುಲೈ ನಂತರದ ಕೆಲವು ತಿಂಗಳು ಮೂರು ಸಂಗತಿಗಳ ಮೇಲೆ ಕಣ್ಣಿಡಬೇಕಿತ್ತು. ಗಾಜಾದಲ್ಲಿ ಕದನ ವಿರಾಮ ಆಗುತ್ತದೆಯೇ, ಆದರೆ ಹೌತಿಗಳು ಅದಕ್ಕೆ ಬದ್ಧರಾಗುತ್ತಾರೆಯೇ ಎಂಬುದು ಒಂದಾಗಿತ್ತು. 2025ರ ಜನವರಿಯಲ್ಲಿ ಕದನ ವಿರಾಮವಾದಾಗ ಅವರು ದಾಳಿ ನಿಲ್ಲಿಸಿ, ಗ್ಯಾಲಕ್ಸಿ ಲೀಡರ್‌ನ ಸಿಬ್ಬಂದಿಯನ್ನು ಬಿಟ್ಟಿದ್ದರು. ಆಗಲೂ ದೊಡ್ಡ ಹಡಗು ಕಂಪನಿಗಳು ಕೂಡಲೇ ಹಳೆಯ ದಾರಿಗೆ ಮರಳಲಿಲ್ಲ. ಎರಡನೆಯದು ಹೊದೈದಾ ಬಂದರಿನ ಸ್ಥಿತಿ. ಮೂರನೆಯದು ಚಿತ್ತೂರಿನ ಗೋದಾಮುಗಳಲ್ಲಿ ಉಳಿದ ತಿರುಳು. ಶ್ರೀನಿವಾಸಪುರದ ಮರಗಳು ಡಿಸೆಂಬರ್-ಜನವರಿಯಲ್ಲಿ ಹೂ ಬಿಡುತ್ತವೆ. ತೋಟ ಗುತ್ತಿಗೆ ಹಿಡಿಯುವವರು ಅದೇ ಹೊತ್ತಿಗೆ ಮುಂಗಡ ಕೊಡಲು ಬರುತ್ತಾರೆ, ಗೋದಾಮು ಖಾಲಿಯಾಗಿದೆಯೋ ಇಲ್ಲವೋ ಎಂಬುದು ಅವರು ಹೇಳುವ ಬೆಲೆಯಲ್ಲೇ ಗೊತ್ತಾಗುತ್ತದೆ.